ಕಾವೇರಿಯ ಜಮಾಖರ್ಚು ಜನರ ಕೈಗೆ ಬರಲಿ

ಮುಂಗಾರು ಶುರುವಾಯಿತೆಂದರೆ ಪತ್ರಿಕೆಗಳ ಒಳಪುಟದಲ್ಲಿ ಜಲಾಶಯಗಳ ಮಟ್ಟ ಹೇಳುವ ಪುಟ್ಟ ಚೌಕವೊಂದು ತಪ್ಪದೆ ಕಾಣಿಸುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಅಷ್ಟೇ. ಮಂಡ್ಯ, ಮೈಸೂರು ಕಡೆ ರಾಜಕೀಯದ ಸುದ್ದಿಗಿಂತ ಮೊದಲು ಇದನ್ನೇ ಓದುವವರಿದ್ದಾರೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಮಟ್ಟ 100 ಅಡಿಗೆ ಬಂದಾಗ ಅಣೆಕಟ್ಟೆಯಲ್ಲಿ ಎಷ್ಟು ನೀರಿದೆ ಎಂದು ಕೇಳಿದರೆ ಬಹುತೇಕರು ಮುಕ್ಕಾಲು ಪಾಲಿಗಿಂತ ಹೆಚ್ಚು ಎಂದೇ ಹೇಳುತ್ತಾರೆ. ವಾಸ್ತವದಲ್ಲಿ ಆಗ ಇರುವುದು ಅರ್ಧಕ್ಕಿಂತ ಕಡಿಮೆ. ಜಲಾಶಯದ ಮೇಲ್ಭಾಗ ವಿಶಾಲ, ತಳಭಾಗ ಕಿರಿದು. ಹೀಗಾಗಿ 49.45 ಟಿಎಂಸಿ ಅಡಿ ಸಾಮರ್ಥ್ಯದಲ್ಲಿ ಅರ್ಧಕ್ಕೂ ಹೆಚ್ಚು ನೀರು ನಿಲ್ಲುವುದು ಕೊನೆಯ 25 ಅಡಿಗಳಲ್ಲಿ. ತಳದ ಸುಮಾರು 4.4 ಟಿಎಂಸಿ ಅಡಿಯಂತೂ ಬಳಕೆಯ ಲೆಕ್ಕಕ್ಕೇ ಬಾರದ ನೀರು. ಅಡಿಯ ಲೆಕ್ಕ ಎಲ್ಲರಿಗೂ ಗೊತ್ತು, ನೀರಿನ ಲೆಕ್ಕ ಗೊತ್ತಿರುವವರು ಕಡಿಮೆ. ಅದೇ ಚೌಕದಲ್ಲಿ 'ಬಳಕೆಗೆ ಸಿಗುವ ನೀರು' ಎಂಬ ಇನ್ನೊಂದು ಸಾಲು ಹಾಕಲು ಪತ್ರಿಕೆಗಳಿಗೆ ಖರ್ಚೇನೂ ಇಲ್ಲ.

ನೀರಿನ ಬಗ್ಗೆ ಜನಜಾಗೃತಿ ನಮ್ಮಲ್ಲಿ ಕಡಿಮೆ ಆಗಿದೆ ಎನ್ನುವಂತಿಲ್ಲ. ಪ್ರತಿ ಮಾರ್ಚ್ 22ಕ್ಕೆ ವಿಶ್ವ ಜಲದಿನ ಬರುತ್ತದೆ. ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ, ಬೀದಿಯಲ್ಲಿ ಜಾಥಾ, ಗೋಡೆಯ ಮೇಲೆ ಹನಿ ನೀರಿನ ಮಹಿಮೆ ಸಾರುವ ಬರಹ, ಎಲ್ಲವೂ ನಡೆಯುತ್ತವೆ. ಇವೆಲ್ಲ ಹೇಳುವುದು ಒಂದೇ ಮಾತನ್ನು: ನೀರು ಅಮೂಲ್ಯ, ಪೋಲು ಮಾಡಬೇಡಿ. ಮಾತು ಸರಿಯಾದದ್ದೇ. ಆದರೆ ಯಾವ ನೀರು, ಎಲ್ಲಿಂದ ಬಂದದ್ದು, ಯಾರ ಪಾಲಿನದು, ಉಳಿಸಿದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಪಠ್ಯಪುಸ್ತಕದ ಜಲಚಕ್ರದಲ್ಲಿ ಕಡಲು, ಮೋಡ, ಬೆಟ್ಟ, ಹೊಳೆ ಇರುತ್ತವೆ. ಅಣೆಕಟ್ಟೆಯ ತೂಬು, ನಾಲೆ, ಪಂಪ್‌ಹೌಸ್, ಒಳಚರಂಡಿ ಮತ್ತು ಕೊಳವೆಬಾವಿ ಅದರಲ್ಲಿ ಇರುವುದಿಲ್ಲ. ಕಾವೇರಿಯಂಥ ನದಿಯಲ್ಲಿ ನೀರು ಹೆಚ್ಚು ಸುತ್ತುವುದು ಇವುಗಳ ಮೂಲಕವೇ. ಕೊಳ್ಳದ ಜನರಿಗೆ ನೀರಿನ ಶಿಕ್ಷಣ ಕೊಡುವುದೆಂದರೆ ಕೊಳ್ಳದ ಜಮಾಖರ್ಚು ಓದಲು ಕಲಿಸುವುದು ಎಂಬುದು ನನ್ನ ವಾದ. ಉಪದೇಶ ಆಮೇಲೆ ಬಂದರೂ ನಡೆದೀತು, ಬಾರದಿದ್ದರೂ ನಷ್ಟವಿಲ್ಲ.

ಮೊದಲ ತೊಡಕು ಅಳತೆಯಲ್ಲಿಯೇ ಇದೆ. ಅಣೆಕಟ್ಟೆಯ ಎಂಜಿನಿಯರು ಟಿಎಂಸಿಯಲ್ಲಿ ಮಾತಾಡುತ್ತಾರೆ, ನಾಲೆಯವರು ಕ್ಯುಸೆಕ್‌ನಲ್ಲಿ, ಬೆಂಗಳೂರು ಜಲಮಂಡಳಿ ದಶಲಕ್ಷ ಲೀಟರ್‌ನಲ್ಲಿ, ರೈತರು ಎಕರೆಯಲ್ಲಿ, ಮನೆಯವರು ಬಿಂದಿಗೆಯಲ್ಲಿ. ಒಬ್ಬರ ಅಳತೆ ಇನ್ನೊಬ್ಬರಿಗೆ ಅರ್ಥವಾಗದಿದ್ದರೆ ನ್ಯಾಯ, ಅನ್ಯಾಯದ ಮಾತೆಲ್ಲ ಊಹೆಯ ಮೇಲೆ ನಿಲ್ಲುತ್ತದೆ. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯುಸೆಕ್. 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಅಡಿ ಆಗುತ್ತದೆ. ಭತ್ತದ ಬೆಳೆಗೆ ಗದ್ದೆಯಲ್ಲಿ ಒಟ್ಟು ಸುಮಾರು 1.2 ಮೀಟರ್ ಎತ್ತರದಷ್ಟು ನೀರು ಬೇಕೆಂದು ಹಿಡಿದರೆ ಒಂದು ಟಿಎಂಸಿ ಅಡಿ ಆರು ಸಾವಿರ ಎಕರೆಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಏಳನೇ ತರಗತಿಯ ಗಣಿತ ಬಲ್ಲವರು ಯಾರೇ ಆಗಲಿ ಇಷ್ಟನ್ನು ಕಾಗದದ ಮೇಲೆ ಬಿಡಿಸಬಹುದು.

ಈ ಲೆಕ್ಕ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ 2016ರ ಸೆಪ್ಟೆಂಬರ್ ಸಾಕ್ಷಿ. ಹತ್ತು ದಿನಗಳ ಕಾಲ 15,000 ಕ್ಯುಸೆಕ್ ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಸುಪ್ರೀಂ ಕೋರ್ಟ್ ಸೆ. 5ರಂದು ಹೇಳಿತು. ಸೆ. 12ರಂದು ಅದನ್ನು 12,000 ಕ್ಯುಸೆಕ್‌ಗೆ ಇಳಿಸಿ ಅವಧಿಯನ್ನು ಸೆ. 20ರವರೆಗೆ ವಿಸ್ತರಿಸಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಗೋಲಿಬಾರಿನಲ್ಲಿ ಜೀವಹಾನಿಯೂ ಆಯಿತು. ಮೊದಲ ಆದೇಶದ ಒಟ್ಟು ನೀರು ಸುಮಾರು 13 ಟಿಎಂಸಿ ಅಡಿ. ಬೆಂಗಳೂರಿಗೆ ಆಗ ದಿನವೂ ಬರುತ್ತಿದ್ದ ಸುಮಾರು 140 ಕೋಟಿ ಲೀಟರ್ ಕಾವೇರಿ ನೀರಿನ ಲೆಕ್ಕದಲ್ಲಿ ಅದು ನಗರದ ಎಂಟೂವರೆ ತಿಂಗಳ ಪೂರೈಕೆ, ಭತ್ತದ ಲೆಕ್ಕದಲ್ಲಿ ಸುಮಾರು 75 ಸಾವಿರ ಎಕರೆ. ಸಣ್ಣ ಪ್ರಮಾಣವೇನಲ್ಲ. ಬರದ ವರ್ಷದಲ್ಲಿ ಅದಕ್ಕಾಗಿ ಆತಂಕಪಡುವುದು ನ್ಯಾಯವೇ. ಆದರೆ ಬೀದಿಗಿಳಿದವರಿಗೂ ಬೀದಿಗಿಳಿಸಿದವರಿಗೂ ಕಾವೇರಿ ಕೊಳ್ಳದ ನಮ್ಮ ನಾಲ್ಕು ಅಣೆಕಟ್ಟೆಗಳಲ್ಲಿ ಆಗ ಎಷ್ಟಿತ್ತು, ಮುಂದಿನ ಬೇಸಿಗೆಯ ಕುಡಿಯುವ ನೀರಿಗೆ ಎಷ್ಟು ಎತ್ತಿಡಬೇಕಿತ್ತು, ನಿಂತ ಬೆಳೆಗೆ ಎಷ್ಟು ಬೇಕಿತ್ತು ಎಂಬ ಮೂರು ಅಂಕಿಗಳು ಗೊತ್ತಿರಲಿಲ್ಲ. ಅವನ್ನು ಯಾರೂ ಅವರ ಮುಂದೆ ಇಟ್ಟೂ ಇರಲಿಲ್ಲ. ಗೊತ್ತಿದ್ದರೆ ಸಿಟ್ಟು ಇಳಿಯುತ್ತಿತ್ತು ಎನ್ನಲಾರೆ, ಬಸ್ಸಿನ ಮೇಲೆ ತಿರುಗುತ್ತಿರಲಿಲ್ಲ ಎನ್ನಬಲ್ಲೆ.

ಇದೇ ಅಳತೆಗೋಲನ್ನು 'ನಲ್ಲಿ ನಿಲ್ಲಿಸಿ' ಎಂಬ ಉಪದೇಶಕ್ಕೂ ಹಿಡಿದು ನೋಡೋಣ. ಬೆಂಗಳೂರಿನ ಹತ್ತು ಲಕ್ಷ ಮನೆಗಳು ದಿನಕ್ಕೆ ನೂರು ಲೀಟರ್‌ನಂತೆ ವರ್ಷವಿಡೀ ಉಳಿಸಿದರೆ ಒಟ್ಟು ಸುಮಾರು 1.3 ಟಿಎಂಸಿ ಅಡಿ. ಅದು ಏಳೂವರೆ ಸಾವಿರ ಎಕರೆ ಭತ್ತದ ನೀರು. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಪ್ಪಿದ ನೀರಾವರಿ ಕ್ಷೇತ್ರವೇ 18.85 ಲಕ್ಷ ಎಕರೆ. ಅಂದರೆ ರಾಜಧಾನಿಯ ಹತ್ತು ಲಕ್ಷ ಮನೆಗಳ ವರ್ಷವಿಡೀ ಶಿಸ್ತು ಅಚ್ಚುಕಟ್ಟಿನ ಇನ್ನೂರೈವತ್ತನೇ ಒಂದು ಭಾಗಕ್ಕೂ ಸಾಲದು. ಹಾಗಾದರೆ ನಗರದ ಮಿತವ್ಯಯ ವ್ಯರ್ಥವೇ? ಅಲ್ಲ. ಅದರ ಬೆಲೆ ಇರುವುದು ಬೇರೆ ಕಡೆ, ವಿದ್ಯುತ್ತಿನಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಮೂರು ಹಂತಗಳಲ್ಲಿ ಸುಮಾರು ನೂರು ಕಿಲೋಮೀಟರ್ ನೀರನ್ನು ನೂಕಬೇಕು. ಒಟ್ಟಾರೆ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುವಷ್ಟು ಶಕ್ತಿ ಇದಕ್ಕೆ ಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 1.36 ಯೂನಿಟ್ ವಿದ್ಯುತ್ ಖರ್ಚು. ಪಂಪಿನ ನಷ್ಟವೂ ಸೇರಿದರೆ ಎರಡು ಯೂನಿಟ್‌ನ ಹತ್ತಿರ ಬರುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ನಮ್ಮದು. ಈಗ ಅದೇ ಜಾಗದ ನೆತ್ತಿಯಿಂದ ವಿದ್ಯುತ್ ಸುಟ್ಟು ನೀರನ್ನು ಗುಡ್ಡ ಹತ್ತಿಸುತ್ತಿದ್ದೇವೆ. ಕಾರು ತೊಳೆಯುವವರಿಗೆ ಈ ಎರಡು ಯೂನಿಟ್ ಕತೆ ಹೇಳಿದರೆ ತಟ್ಟಬಹುದು, 'ನೀರೇ ಜೀವ' ಎಂದರೆ ತಟ್ಟುವುದು ಅನುಮಾನ.

ಸೋರಿಕೆಯ ಮಾತೂ ಇಲ್ಲೇ ಬರಬೇಕು. ನಗರಕ್ಕೆ ಬರುವ ನೀರಿನಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಬಿಲ್ಲಿಗೆ ಸಿಗದೆ ಕಣ್ಮರೆಯಾಗುತ್ತದೆ. ಒಂದಷ್ಟು ಹಳೆಯ ಕೊಳವೆಗಳಲ್ಲಿ ಸೋರಿ ಹೋಗುತ್ತದೆ, ಒಂದಷ್ಟು ಅಕ್ರಮ ಸಂಪರ್ಕಗಳಿಗೆ. ಕಾವೇರಿ ನೀರು ತರುವ ಐದು ಹಂತಗಳ ಯೋಜನೆ ಸೇರಿ ಈಗಿನ ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದರದೇ 77.5 ಕೋಟಿ ಲೀಟರ್. ಒಟ್ಟು ಸಾಮರ್ಥ್ಯದ ಕಾಲು ಭಾಗವೆಂದರೆ ದಿನಕ್ಕೆ 55 ಕೋಟಿ ಲೀಟರ್, ಹತ್ತು ಲಕ್ಷ ಮನೆಗಳು ನೂರು ಲೀಟರ್ ಉಳಿಸುವುದರ ಐದೂವರೆ ಪಟ್ಟು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾವ ಜಾಗೃತಿ ಫಲಕವೂ ತೋರಿಸುವುದಿಲ್ಲ. ತೋರಿಸಿದರೆ ನಾಗರಿಕರು ತಾವು ನಲ್ಲಿ ತಿರುಗಿಸಿ, ಮರುದಿನವೇ ಮಂಡಳಿಯನ್ನೂ ಪ್ರಶ್ನಿಸುತ್ತಾರೆ. ನಮ್ಮ ಜಾಗೃತಿ ಕಾರ್ಯಕ್ರಮಗಳು ಉಪದೇಶದಾಚೆ ಹೋಗದಿರಲು ಇದೂ ಒಂದು ಕಾರಣವಿರಬಹುದು.

ಬಳಸಿದ ನೀರು ಎಲ್ಲಿ ಹೋಗುತ್ತದೆ ಎಂಬುದು ಇನ್ನೂ ರೋಚಕ. ನ್ಯಾಯಮಂಡಳಿ ಕುಡಿಯುವ ನೀರಿನ ಲೆಕ್ಕ ಹಾಕುವಾಗ ಒದಗಿಸಿದ ನೀರಿನ ಶೇ 20ರಷ್ಟು ಮಾತ್ರ ವ್ಯಯ, ಉಳಿದದ್ದು ಮತ್ತೆ ನದಿಗೆ ಸೇರುತ್ತದೆ ಎಂದು ಹಿಡಿಯಿತು. ಬೆಂಗಳೂರಿನ ಪಶ್ಚಿಮ ಭಾಗದ ಮಟ್ಟಿಗೆ ಅದು ನಿಜ. ಅಲ್ಲಿನ ಕೊಳಚೆ ವೃಷಭಾವತಿಗೆ ಇಳಿದು, ಬೈರಮಂಗಲ ಕೆರೆ ಹಾಯ್ದು, ಅರ್ಕಾವತಿ ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವದ ಇಳಿಜಾರಿನದು ಬೇರೆ ಕತೆ. ಆ ನೀರು ದಕ್ಷಿಣ ಪಿನಾಕಿನಿಯ ಪಾಲು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಕೊಡಗಿನಲ್ಲಿ ಸುರಿದ ಮಳೆ ಬೆಂಗಳೂರಿನ ಅಡುಗೆಮನೆ ಹಾಯ್ದು ಕೋಲಾರದ ಕೆರೆಯಂಗಳಕ್ಕೆ ಹೋಗಿ ಕೂರುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ನೀವು ನಿಂತ ಜಾಗದ ಮೇಲೆ ಅವಲಂಬಿತ. ಕೋಲಾರದವರಿಗೆ ಅದು ಬದುಕು, ಕೆಳಹರಿವಿನವರಿಗೆ ಕೈತಪ್ಪಿದ ನೀರು, ಬೈರಮಂಗಲದ ರೈತರಿಗೆ ತಮ್ಮ ಪಾಲಿಗೆ ಬಂದ ಕೊಳಚೆಯೇ ಗದ್ದೆಯ ನೀರು. 'ಪೋಲು' ಎಂಬ ಒಂದೇ ಮಾತಿನಿಂದ ಈ ಮೂವರ ಜತೆ ಮಾತಾಡಲು ಬರುವುದಿಲ್ಲ.

ಈಗ ದೊಡ್ಡ ಪಾಲಿಗೆ ಬರೋಣ. ಕೊಳ್ಳದ ನೀರಿನಲ್ಲಿ ಸಿಂಹಪಾಲು ಗದ್ದೆಗೆ ಹೋಗುತ್ತದೆ ಎಂದಾಕ್ಷಣ ನಗರದವರು ರೈತರತ್ತ ಬೆರಳು ತೋರಿಸುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ನೀರು ಧಾರಾಳ, ಮದ್ದೂರು, ಮಳವಳ್ಳಿಯ ಕೊನೆಭಾಗದಲ್ಲಿ ಅದಕ್ಕಾಗಿ ಕಾದು ಕೂರುವ ಪಾಡು. ಇದು ದಶಕಗಳಿಂದ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಮೇಲ್ಭಾಗದವರು ಕೆಡುಕರಾಗಿ ಹೀಗಾಗುತ್ತಿಲ್ಲ. ಮುಂದಿನ ಸರದಿಯ 'ಕಟ್ಟು ನೀರು' ಯಾವಾಗ ಬರುತ್ತದೆ, ಎಷ್ಟು ದಿನ ಹರಿಯುತ್ತದೆ ಎಂಬುದು ಖಾತ್ರಿಯಿಲ್ಲದವರು ಬಂದಾಗ ಬಾಚಿಕೊಳ್ಳುತ್ತಾರೆ, ಯಾರಿದ್ದರೂ ಹಾಗೆಯೇ ಮಾಡುತ್ತಾರೆ. ನಾಲೆಯ ನೀರಿಗೆ ಶುಲ್ಕ ಇರುವುದು ಎಕರೆಗೆ ಮತ್ತು ಬೆಳೆಗೆ, ಬಳಸಿದ ಪ್ರಮಾಣಕ್ಕಲ್ಲ. ತೂಬಿನ ಬಾಯಲ್ಲಿ ಅಳತೆಯೇ ಇಲ್ಲದ ಮೇಲೆ ಮಿತವಾಗಿ ಬಳಸಿ ಎನ್ನುವ ಮಾತಿಗೆ ತಲೆಬುಡವಿಲ್ಲ.

ಬೆಳೆಯ ಪ್ರಶ್ನೆಯೂ ಹೀಗೆಯೇ. ಮುಂಬಯಿ ಪ್ರಾಂತ್ಯದಲ್ಲಿದ್ದಾಗ ವಿಶ್ವೇಶ್ವರಯ್ಯನವರು ನೀರಾ ನಾಲೆಗೆ ರೂಪಿಸಿದ 'ಬ್ಲಾಕ್ ಪದ್ಧತಿ'ಯ ತಿರುಳು ಸರಳವಾಗಿತ್ತು: ಇಡೀ ಅಚ್ಚುಕಟ್ಟನ್ನು ಹೆಚ್ಚು ನೀರಿನ ಬೆಳೆಗೆ ಒಪ್ಪಿಸದೆ ಪಾಲು ಮಾಡಿ, ಸರದಿಯಲ್ಲಿ ಬೆಳೆ ಬದಲಿಸಿ, ಅದೇ ನೀರನ್ನು ಹೆಚ್ಚು ಊರುಗಳಿಗೆ ಹಂಚುವುದು. ಅದೇ ಯೋಚನೆ ಮಂಡ್ಯದ ನಾಲೆಗೂ ಬಂತು, ಕಾಲಕ್ರಮೇಣ ಸಡಿಲವಾಯಿತು. ಕಬ್ಬಿಗೆ ಕಾರ್ಖಾನೆ ಇತ್ತು, ಭತ್ತಕ್ಕೆ ಗಿರಣಿ ಇತ್ತು, ರಾಗಿಗೆ ಏನೂ ಇರಲಿಲ್ಲ. ಈಗ ಗಾಳಿ ಸ್ವಲ್ಪ ತಿರುಗಿದೆ. 2025-26ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತದ್ದು 2,369. ಎಕರೆವಾರು ಇಳುವರಿಯಲ್ಲಿ ಭತ್ತವೇ ಮುಂದಿದ್ದರೂ ದುಪ್ಪಟ್ಟು ದಾಟಿದ ಬೆಲೆ ಅಂತರವನ್ನು ಕೂಡಿ ಕಳೆದು ನೋಡುವಂತಿದೆ. ಭತ್ತಕ್ಕೆ ಬೇಕಾದ ನೀರಿನ ಅರ್ಧವೂ ರಾಗಿಗೆ ಬೇಡ. ಆದರೂ ಎಲ್ಲರೂ ರಾಗಿಗೆ ಹೊರಳಿ ಎನ್ನುವ ಪೇಟೆಯ ಪಂಡಿತರು ಒಮ್ಮೆ ನಾಲೆಯ ಕೆಳಗಿನ ತಗ್ಗಿನ ಗದ್ದೆಗಳನ್ನು ನೋಡಿಬರಬೇಕು. ಮೇಲಿನ ಗದ್ದೆಗಳಿಂದ ಬಸಿದು ಬಂದ ನೀರು ಅಲ್ಲಿ ನಿಂತೇ ಇರುತ್ತದೆ, ರಾಗಿಯ ಬೇರು ಕೊಳೆಯುತ್ತದೆ. ಅಲ್ಲಿ ಭತ್ತವೇ ಸರಿ. ದಿಬ್ಬದ ಜಮೀನಿಗೆ ಒಂದು ಲೆಕ್ಕ, ತಗ್ಗಿಗೆ ಇನ್ನೊಂದು. ಈ ವಿವೇಚನೆ ರೈತರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಸಿಗದಿರುವುದು ಈ ಸಲ ತಮ್ಮ ತೂಬಿಗೆ ಎಷ್ಟು ನೀರು ಬರಲಿದೆ ಎಂಬ ಭರವಸೆಯ ಅಂಕಿ.

ಉಳಿತಾಯದ ತಂತ್ರಜ್ಞಾನವೂ ಲೆಕ್ಕವಿಲ್ಲದೆ ಕೈಕೊಡುತ್ತದೆ. ನಾಲೆಗೆ ಕಾಂಕ್ರೀಟು ಹೊದಿಸಿದರೆ ಸೋರಿಕೆ ನಿಲ್ಲುತ್ತದೆ, ಕೊನೆಭಾಗಕ್ಕೆ ನೀರು ತಲುಪುತ್ತದೆ, ನಿಜ. ಆದರೆ ಅದೇ ಸೋರಿಕೆಯಿಂದ ಜೀವ ಹಿಡಿದಿದ್ದ ನಾಲೆಯ ಪಕ್ಕದ ಬಾವಿಗಳು ಬತ್ತಬಹುದು. ಹನಿ ನೀರಾವರಿಯಿಂದ ಒಂದು ಎಕರೆಯಲ್ಲಿ ಉಳಿದ ನೀರಿನಲ್ಲಿ ಪಕ್ಕದ ಇನ್ನೊಂದು ಎಕರೆ ಬೆಳೆದರೆ ರೈತರಿಗೆ ಲಾಭ, ನದಿಗೆ ಉಳಿದದ್ದು ಸೊನ್ನೆ. ಒಂದು ಹೊಲದ ಮಟ್ಟದಲ್ಲಿ ಉಳಿತಾಯವಾದದ್ದು ಕೊಳ್ಳದ ಮಟ್ಟದಲ್ಲಿ ಬರೀ ಸ್ಥಳಾಂತರವಾಗಿರಬಹುದು. ಇಂಥ ಯೋಜನೆಗಳು ಬೇಡವೆಂದಲ್ಲ. ಸಾವಿರಾರು ಕೋಟಿ ಸುರಿಯುವ ಮುನ್ನ ಉಳಿಯುವ ನೀರು ಯಾರ ಖಾತೆಗೆ ಜಮೆ ಎಂದು ಕೇಳಬಲ್ಲ ಗ್ರಾಮಸಭೆಗಳು ಬೇಕು.

ಲೆಕ್ಕ ಇಡದೆ ನದಿಯನ್ನೇ ಕಳೆದುಕೊಂಡ ಉದಾಹರಣೆ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಕಾವೇರಿಯ ಉಪನದಿ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಹತ್ತೊಂಬತ್ತನೇ ಶತಮಾನದ ಕೊನೆಗೆ, ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ 1933ರಿಂದ ನಗರಕ್ಕೆ ನೀರುಣಿಸಿದವು. ಇವತ್ತು ಎರಡನ್ನೂ ನಂಬಿ ಯಾರೂ ಬಿಂದಿಗೆ ಹಿಡಿಯುವಂತಿಲ್ಲ. ಮಳೆ ಕಡಿಮೆಯಾಯಿತು ಎಂಬುದು ಜನಪ್ರಿಯ ವಿವರಣೆ. ಅಶೋಕ ಪರಿಸರ ಸಂಶೋಧನಾ ಸಂಸ್ಥೆ 'ಏಟ್ರೀ'ಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು: ಮಳೆ ಮತ್ತು ಉಷ್ಣಾಂಶದ ಬದಲಾವಣೆಯಿಂದ ಈ ಒಣಗುವಿಕೆಯನ್ನು ವಿವರಿಸಲಾಗದು, ಮುಖ್ಯವಾಗಿ ಅನುಮಾನಿಸಬೇಕಾದದ್ದು ಕೊಳವೆಬಾವಿಗಳನ್ನು ಮತ್ತು ನೀಲಗಿರಿ ತೋಪುಗಳನ್ನು. ಆ ಕೊಳವೆಬಾವಿಗಳನ್ನು ಕೊರೆಸಿದವರು ಒಬ್ಬೊಬ್ಬರೂ ತಮ್ಮ ಹೊಲದ ಮಟ್ಟಿಗೆ ಸರಿಯಾಗಿಯೇ ಯೋಚಿಸಿದ್ದರು. ಒಟ್ಟು ಎಷ್ಟು ಬಾವಿ, ಒಟ್ಟು ಎಷ್ಟು ನೀರು ಎಂದು ಕೂಡಿಸಿ ಹೇಳುವವರು ಯಾರೂ ಇರಲಿಲ್ಲ.

ಕೂಡಿಸಿ ಹೇಳಿದರೆ ಜನ ಕೇಳುತ್ತಾರೆಯೇ? ಕೇಳಿದ ನಿದರ್ಶನ ನೆರೆಯ ಅವಿಭಜಿತ ಆಂಧ್ರದಲ್ಲಿದೆ. ಅಲ್ಲಿನ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ನಡೆಸುವ ಅಂತರ್ಜಲ ಯೋಜನೆಯೊಂದು ಎರಡು ದಶಕಗಳ ಹಿಂದೆ ಜಾರಿಯಾಯಿತು. ರೈತರಿಗೆ ಮಳೆಮಾಪಕ, ಬಾವಿಯ ಮಟ್ಟ ಅಳೆಯುವ ಸಾಧನ ಕೊಟ್ಟು, ಅಳೆಯುವುದು ಕಲಿಸಿದರು. ಹಿಂಗಾರಿಗೆ ಮುನ್ನ ಊರಿನವರು ಕೂತು ನೆಲದಲ್ಲಿ ಎಷ್ಟಿದೆ, ಯೋಚಿಸಿರುವ ಬೆಳೆಗೆ ಎಷ್ಟು ಬೇಕು ಎಂದು ಬಜೆಟ್ ಮಾಡುತ್ತಿದ್ದರು. ಯಾವ ಬೆಳೆಗೂ ನಿಷೇಧವಿರಲಿಲ್ಲ, ಯಾರಿಗೂ ದಂಡವಿರಲಿಲ್ಲ. ಆದರೂ ಗಣನೀಯ ಸಂಖ್ಯೆಯ ಊರುಗಳಲ್ಲಿ ರೈತರು ತಾವಾಗಿಯೇ ಭತ್ತ ಕಡಿಮೆ ಮಾಡಿ ಕಡಿಮೆ ನೀರಿನ ಬೆಳೆಗೆ ಹೋದರು, ನೀರೆತ್ತುವಿಕೆಯೂ ಇಳಿಯಿತು ಎಂಬುದನ್ನು ವಿಶ್ವಬ್ಯಾಂಕಿನ 2010ರ ವರದಿ ದಾಖಲಿಸಿದೆ. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ವರ್ಷದ ಮಳೆ ನೋಡಿ ಗ್ರಾಮಸಭೆಯಲ್ಲೇ ಬೆಳೆ ನಿರ್ಧರಿಸುವ ಪದ್ಧತಿ ದಶಕಗಳಿಂದ ನಡೆದಿದೆ. ನಮ್ಮಲ್ಲೂ ಅಟಲ್ ಭೂಜಲ ಯೋಜನೆಯಡಿ 14 ಜಿಲ್ಲೆಗಳಲ್ಲಿ ಪಂಚಾಯಿತಿವಾರು ನೀರಿನ ಬಜೆಟ್ ತಯಾರಿ ಶುರುವಾಯಿತು. ಅದು ಕಡತಕ್ಕೆ ಸೇರಿತೋ ಜನರ ನಾಲಿಗೆಗೆ ಬಂತೋ ಎಂಬುದರ ಮೇಲೆ ಅದರ ಫಲ ನಿಂತಿದೆ. ನಾಲೆಯ ಅಚ್ಚುಕಟ್ಟಿನಲ್ಲಂತೂ ಇಂಥ ಬಜೆಟ್ಟಿನ ಸುಳಿವೂ ಇಲ್ಲ.

ಇಷ್ಟೆಲ್ಲ ಅಂಕಿ ಸಂಖ್ಯೆ ಸಾಮಾನ್ಯರ ತಲೆಗೆ ಹತ್ತುವುದಿಲ್ಲ ಎಂಬ ಆಕ್ಷೇಪವನ್ನು ಅಧಿಕಾರಿಗಳ ಬಾಯಲ್ಲಿ ಹೆಚ್ಚು ಕೇಳುತ್ತೇವೆ. ಬೆಳಗಿನ ಆರು ಗಂಟೆಗೆ ಮಂಡ್ಯದ ಯಾವ ಹಾಲಿನ ಡೈರಿಯ ಮುಂದೆ ನಿಂತರೂ ಈ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು, ಲೀಟರ್‌ಗೆ ಎಷ್ಟು ಬೀಳುತ್ತದೆ ಎಂದು ಚೀಟಿ ನೋಡದೆ ಹೇಳುತ್ತಾರೆ, ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳ ತೆಗೆಯುತ್ತಾರೆ. ದಿನವೂ ಕಣ್ಣೆದುರು ಅಳೆಯುತ್ತಾರೆ, ಅಳತೆಯ ಮೇಲೆ ದುಡ್ಡು ನಿಂತಿದೆ, ಹಾಗಾಗಿ ದಶಮಾಂಶವೂ ಕರಗತವಾಗಿದೆ. ನೀರಿನಲ್ಲಿ ಕಷ್ಟವಾಗಿರುವುದು ಅಳತೆ ಅವರ ಕಣ್ಣೆದುರು ನಡೆಯದಿರುವುದರಿಂದ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ವಿವಾದವಿರುವ ನದಿಯಲ್ಲಿ ನಮ್ಮ ಲೆಕ್ಕವನ್ನೆಲ್ಲ ಬಯಲಿಗಿಟ್ಟರೆ ತಮಿಳುನಾಡು ಅದನ್ನೇ ಅಸ್ತ್ರ ಮಾಡಿಕೊಳ್ಳುತ್ತದೆ, ನಾಡಿನ ಹಿತಕ್ಕೆ ಧಕ್ಕೆ ಎಂದು ವಾದಿಸುವವರಿದ್ದಾರೆ. ಆದರೆ ಮುಚ್ಚಿಡಲು ಈಗ ಉಳಿದಿರುವುದಾದರೂ ಏನು? ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿವು ಅಳೆಯುವುದು ಕೇಂದ್ರ ಜಲ ಆಯೋಗ. 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಮತ್ತು ಅದರ ನಿಯಂತ್ರಣ ಸಮಿತಿಯ ಮುಂದೆ ಎರಡೂ ರಾಜ್ಯಗಳ ಜಲಾಶಯಗಳ ಒಳಹರಿವು, ಸಂಗ್ರಹದ ಅಂಕಿಗಳು ಮೇಜಿನ ಮೇಲೆಯೇ ಇರುತ್ತವೆ. ಎದುರಾಳಿಗೆ ಗೊತ್ತಿರುವ ಲೆಕ್ಕವನ್ನು ನಮ್ಮ ಜನರಿಂದ ಮಾತ್ರ ದೂರವಿಟ್ಟಂತಾಯಿತು. ಇನ್ನೂ ಒಂದು ಮಾತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿ ಅಡಿ ಬಂದದ್ದು ಘೋಷಣೆಯಿಂದಲ್ಲ. ತಮಿಳುನಾಡಿನ ಕೊಳ್ಳದಲ್ಲಿರುವ ಅಂತರ್ಜಲವನ್ನು ನ್ಯಾಯಮಂಡಳಿ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬ ಕಾರಣಕ್ಕೆ 10 ಟಿಎಂಸಿ ಅಡಿ ಬಂತು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕೊಳ್ಳದಲ್ಲಿದೆ, ಅದರ ಕುಡಿಯುವ ನೀರಿನ ಅರ್ಧ ಅಂತರ್ಜಲದಿಂದ ಬರುತ್ತದೆ ಎಂಬ ನ್ಯಾಯಮಂಡಳಿಯ ಎಣಿಕೆ ನಿಲ್ಲಲಿಲ್ಲವಾದ್ದರಿಂದ 4.75 ಬಂತು. ಬಿಳಿಗುಂಡ್ಲುವಿನಲ್ಲಿ ನಾವು ಕೊಡಬೇಕಾದ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳಿಯಿತು. ಕಾವೇರಿಯ ಇತಿಹಾಸದಲ್ಲಿ ನಮಗೆ ದಕ್ಕಿದ ದೊಡ್ಡ ಗೆಲುವು ಜಲವಿಜ್ಞಾನದ ಲೆಕ್ಕ ತಿದ್ದಿಸಿದ್ದರಿಂದ ದಕ್ಕಿದ್ದು.

ಮೂರನೆಯದು ಅರ್ಥಶಾಸ್ತ್ರಜ್ಞರ ಆಕ್ಷೇಪ: ತಿಳಿವಳಿಕೆಯಿಂದ ನಡತೆ ಬದಲಾಗದು, ಬೆಲೆ ಮತ್ತು ಕಾನೂನು ಬೇಕು. ಅರ್ಧ ಒಪ್ಪುತ್ತೇನೆ. ಆದರೆ ಕಾನೂನು ಒಂಟಿಯಾಗಿ ಎಷ್ಟು ದೂರ ನಡೆದೀತು ಎಂಬುದಕ್ಕೆ ಬೆಂಗಳೂರಿನ ಮಳೆನೀರು ಸಂಗ್ರಹವೇ ಉದಾಹರಣೆ. 2009ರಲ್ಲಿ ಕಡ್ಡಾಯವಾಯಿತು, ಬಿಲ್ಲಿನಲ್ಲಿ ದಂಡ ಸೇರಿಸಿದ್ದೂ ಆಯಿತು. ತೊಟ್ಟಿ ಕಟ್ಟಿಸುವ ಬದಲು ತಿಂಗಳು ತಿಂಗಳು ದಂಡ ಕಟ್ಟಿಕೊಂಡೇ ಇರುವ ಮನೆಗಳು ಸಾವಿರಾರು ಇವೆ. 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗಲೂ ಬಿಸಿ ತಟ್ಟಿದ್ದು ಬೇಸಿಗೆ ಮುಗಿಯುವವರೆಗೆ. ಬೆಲೆಯ ಕತೆಯೂ ಅಷ್ಟೇ. 2014ರ ನಂತರ ಜಲಮಂಡಳಿ ದರ ಏರಿಸಲು ಆದದ್ದು 2025ರ ಏಪ್ರಿಲ್‌ನಲ್ಲಿ. ಹನ್ನೊಂದು ವರ್ಷ ಯಾವ ಸರ್ಕಾರವೂ ಕೈಹಾಕಲಿಲ್ಲ. ಸಾವಿರ ಲೀಟರ್ ಮನೆಗೆ ತಲುಪಲು ಏನು ಖರ್ಚು, ಅದರಲ್ಲಿ ವಿದ್ಯುತ್ ಎಷ್ಟು, ಸೋರಿಕೆ ಎಷ್ಟು ಎಂಬುದು ಬಿಲ್ಲಿನ ಹಿಂಬದಿಯಲ್ಲಿ ಅಚ್ಚಾಗಿದ್ದರೆ ಏರಿಕೆಯನ್ನು ಬೈಯುವವರೂ ಎಲ್ಲಿ ಬೈಯಬೇಕೆಂದು ತಿಳಿದು ಬೈಯುತ್ತಿದ್ದರು. ಬೆಲೆಯನ್ನು ಜನ ಒಪ್ಪಬೇಕಾದರೆ ಮೊದಲು ಲೆಕ್ಕವನ್ನು ನಂಬಬೇಕು.

ಗಡಿಯಾಚೆಯ ಮಾತೂ ಇದೆ. 2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಮುಂತಾದವರ ನೆರವಿನಿಂದ ಎರಡೂ ರಾಜ್ಯಗಳ ರೈತರು ಸೇರಿ 'ಕಾವೇರಿ ಕುಟುಂಬ' ಕಟ್ಟಿಕೊಂಡರು. ಇಲ್ಲಿನವರು ತಂಜಾವೂರು ಕಡೆಯ ಗದ್ದೆಗಳನ್ನು ನೋಡಿಬಂದರು, ಅಲ್ಲಿನವರು ಮಂಡ್ಯಕ್ಕೆ ಬಂದರು. ವಿವಾದ ಅದರಿಂದ ಬಗೆಹರಿಯಲಿಲ್ಲ, ಸರ್ಕಾರಗಳು ಅದಕ್ಕೆ ಕಿವಿಗೊಡಲೂ ಇಲ್ಲ. ಆದರೆ ಕೊನೆಭಾಗದ ರೈತರ ಪಾಡು ಎರಡೂ ಕಡೆ ಒಂದೇ ಎಂಬುದನ್ನು ಅವರು ಕಣ್ಣಾರೆ ಕಂಡರು. ಕೊಳ್ಳ ಎಂಬುದು ಭೂಪಟದ ಬಣ್ಣವಾಗದೆ ಮನುಷ್ಯರ ನೆರೆಹೊರೆಯಾಗುವುದು ಹೀಗೆಯೇ. ಮುಂದಿನ ಬರ ಬಂದಾಗ ನಮಗೆ ಬೇಕಾಗುವುದು ಇಂಥವರ ಮಾತು.

ಸಂಕಷ್ಟದ ವರ್ಷದಲ್ಲಿ ನೀರು ಹೇಗೆ ಹಂಚಬೇಕೆಂಬುದೇ ಕಾವೇರಿಯ ಬಗೆಹರಿಯದ ಗಂಟು. ವಾಡಿಕೆಯ ವರ್ಷದ 740 ಟಿಎಂಸಿ ಅಡಿಯನ್ನು ನ್ಯಾಯಮಂಡಳಿ ಪಾಲು ಮಾಡಿತು. ಕೊರತೆಯಾದರೆ ಅದೇ ಅನುಪಾತದಲ್ಲಿ ಇಳಿಸಿಕೊಳ್ಳಿ ಎಂದಷ್ಟೇ ಹೇಳಿತು. ರಾಜ್ಯದೊಳಗೆ ಆ ಇಳಿಕೆ ಯಾರ ತೂಬಿನಲ್ಲಿ, ಯಾವ ತಿಂಗಳಲ್ಲಿ ಆಗಬೇಕು ಎಂಬುದನ್ನು ನಾವೇ ಇನ್ನೂ ತೀರ್ಮಾನಿಸಿಕೊಂಡಿಲ್ಲ. ಮಳೆ ಕೈಕೊಟ್ಟ 2023ರ ಆಗಸ್ಟ್‌ನಲ್ಲಿ, ನಾಟಿ ಮುಗಿದ ಮೇಲೆ ಈ ಚರ್ಚೆ ಶುರುವಾಯಿತು. ಆ ಹೊತ್ತಿಗೆ ರೈತರ ಸಾಲ ಗದ್ದೆಯಲ್ಲಿ ಊರಿಯಾಗಿತ್ತು. ಇಂಥ ಮಾತು ಆಡಬೇಕಾದದ್ದು ಕೆಆರ್‌ಎಸ್ ಜೂನ್‌ನಲ್ಲೇ ತುಂಬಿ ಮುಖ್ಯಮಂತ್ರಿ ಬಾಗಿನ ಅರ್ಪಿಸಿದ 2025ರಂಥ ವರ್ಷದಲ್ಲಿ, ಯಾರಿಗೂ ಹಸಿವಿಲ್ಲದಾಗ. ಬಾಗಿನದ ಅದೇ ವೇದಿಕೆಯಲ್ಲಿ ವರ್ಷದ ಜಮಾಖರ್ಚನ್ನೂ ಓದಿ ಹೇಳಬಹುದು: ಕುಡಿಯಲು ಇಷ್ಟು ಎತ್ತಿಟ್ಟಿದ್ದೇವೆ, ಕೆಳಗೆ ಬಿಡಬೇಕಾದದ್ದು ಇಷ್ಟು, ನಾಲೆಗಳಿಗೆ ಇಷ್ಟು, ಆಗಸ್ಟ್ ಕೊನೆಗೆ ಮಳೆ ಕೈಕೊಟ್ಟರೆ ಮೊದಲು ನಿಲ್ಲುವುದು ಇದು. ಈಗ ಇವೆಲ್ಲ ತೀರ್ಮಾನವಾಗುವುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ. ಎಷ್ಟು ಕಟ್ಟು ನೀರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ವಿತರಣಾ ನಾಲೆಗೆ ಎಷ್ಟು ಎಂಬ ಆ ಸಭೆಯ ನಿರ್ಣಯ ರೈತರು ಒಟ್ಟಲು ಹಾಕುವುದಕ್ಕೆ ಹದಿನೈದು ದಿನ ಮುಂಚೆ ಅಚ್ಚುಕಟ್ಟಿನ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರಬೇಕು. ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದು ವಾರಕ್ಕೊಮ್ಮೆ ಅದರ ಪಕ್ಕದಲ್ಲಿ ಸೇರಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಇಲಾಖೆ ಬೇಕಿಲ್ಲ. ಒಂದು ಡಬ್ಬಿ ಬಣ್ಣ ಮತ್ತು ತಪ್ಪು ಅಂಕಿ ಬರೆದರೆ ಊರಿನವರು ಕೇಳಿಯಾರು ಎಂಬ ಅಂಜಿಕೆ ಇದ್ದರೆ ಸಾಕು.